ಟೀ-ಶರ್ಟ್ ಮ್ಯಾಲಿನ ಇಂಕ್‌ಜೆಟ್ ಟ್ರಾನ್ಸ್‌ಫರ್ ಮೂರನೇ ಒಗೆತಕ್ಕ ಯಾಕ ಏಳತೈತಿ?

ಶಹಾಪುರ_ಓಣಿ:
ಎಲ್ಲಾರ್ಗೂ ನಮಸ್ಕಾರ್ರೀ. ನವೆಂಬರ್ 1ರ ರಾಜ್ಯೋತ್ಸವಕ್ಕ ಟೀ-ಶರ್ಟ್ ಮ್ಯಾಲೆ ಕನ್ನಡ ಅಕ್ಷರ ಹಾಕೂದೈತಿ. ಹಳದಿ 6, ಕೆಂಪು 6, ಒಟ್ಟು 12 ಅಂಗಿ. ಪ್ರಿಂಟರ್ ಎಪ್ಸನ್ ಎಲ್3110, ಕಂಪನಿ ಇಂಕ್. ಎ4 ಟ್ರಾನ್ಸ್‌ಫರ್ ಪೇಪರ್, 15×15 ಇಂಚಿನ ಹೀಟ್ ಪ್ರೆಸ್, 180 ಡಿಗ್ರಿ, 15 ಸೆಕೆಂಡ್. ಸ್ಯಾಂಪಲ್ ಮೊದಲ ದಿನ ಚಂದ ಕಾಣತೈತಿ. ಮೂರನೇ ಒಗೆತಕ್ಕ ಮೂಲಿ ಏಳತಾವು, ನಡಕ ಸಣ್ಣ ಸಣ್ಣ ಬಿರುಕು ಬೀಳತಾವು, ಕೆಂಪು ಬಣ್ಣ ಹರದು ಗುಲಾಬಿ ಅಕ್ಕೈತಿ. ಪೇಪರ್ ಬದಲಿ ಮಾಡೂದೋ, ಬ್ಯಾರೆ ಏನರ ತಪ್ಪೈತೋ?

ಉದ್ಯಮಬಾಗ_ಪ್ರೆಸ್:
ಪೇಪರಿಗೆ ಬೈಯೂದು ಆಮ್ಯಾಲೆ ನೋಡೂಣು. ನೀವು ಹೇಳಿದ್ದು ಮೂರು ಬ್ಯಾರೆಬ್ಯಾರೆ ರೋಗ, ಒಂದ ಗುಳಿಗಿಗೆ ಹೋಗೂವಲ್ಲ. ಮೂಲಿ ಏಳೂದು ಅಂದ್ರ ಪೇಪರಿನ ಮ್ಯಾಲಿನ ಕರಗೂ ಪದರು, ಅಂದ್ರ ಫಿಲ್ಮ್, ಅರಿವಿಯ ಎಳಿಯೊಳಗ ಇಳದಿಲ್ಲ: ಶಾಖ ಕಡಿಮಿ, ಇಲ್ಲಾ ಒತ್ತಡ ಕಡಿಮಿ, ಇಲ್ಲಾ ಅರಿವಿ ಹಸಿ. ಬಿರುಕು ಅಂದ್ರ ಫಿಲ್ಮ್ ಅರಿವಿ ಜೋಡಿ ಜಗ್ಗವಲ್ದು. ಬಣ್ಣ ಹರಿಯೂದು ಇಂಕಿನ ಪ್ರಶ್ನೆ, ಅದಕ್ಕ ಪ್ರೆಸ್ ಏನ ಮಾಡೀತು?

ಎರಡು ಮಾತು ಹೇಳ್ರಿ. ಯಾವ ಅಂಗಿಗೆ ಯಾವ ಪೇಪರ್ ಹಾಕೀರಿ? 180 ಅನ್ನೂದು ಡಿಸ್‌ಪ್ಲೇ ಮ್ಯಾಲಿನ ಅಂಕಿಯೋ, ಪ್ಲೇಟಿನ ಮ್ಯಾಲೆ ಅಳದಿದ್ದೋ?

ಶಹಾಪುರ_ಓಣಿ:
ಎರಡಕ್ಕೂ ಡಾರ್ಕ್ ಪೇಪರ್ರೀ, ಗಾಢ ಬಣ್ಣದ ಅಂಗಿಗೆ ಅಂತ ಬರೂದು. ಅಂಕಿ ಡಿಸ್‌ಪ್ಲೇದ್ದು, ಅಳದಿಲ್ಲ. ಪೇಪರ್ ಲೂಸ್ ತಗೊಂಡಿದ್ದು, ಹಂಗಾಗಿ ಡಿಗ್ರಿ-ಸೆಕೆಂಡ್ ಬರದ ಪಾಕೀಟ ಇಲ್ಲ.

ಉದ್ಯಮಬಾಗ_ಪ್ರೆಸ್:
ಹಂಗಾದ್ರ ಪದರಿನ ಲೆಕ್ಕ ಮೊದಲ ತಿಳ್ಕೋರಿ.

ತಿಳಿ ಬಣ್ಣದ ಅಂಗಿಗೆ ಬರೂ ಲೈಟ್ ಪೇಪರಿನಾಗ ತಳಕ ಕಾಗದ, ಅದರ ಮ್ಯಾಲೆ ಕರಗೂ ಪಾರದರ್ಶಕ ಫಿಲ್ಮ್, ಎಲ್ಲಾಕ್ಕಿಂತ ಮ್ಯಾಲೆ ನಿಮ್ಮ ಇಂಕ್. ಕನ್ನಡಿ ಹಂಗ ತಿರುವಿ ಪ್ರಿಂಟ್ ತಗದು ಬೋರಲ ಹಾಕಿ ಒತ್ತತೀರಿ. ಒತ್ತಿದ ಮ್ಯಾಲೆ ಇಂಕ್ ಅರಿವಿ ಕಡೆ ಹೋತು, ಫಿಲ್ಮ್ ಅದರ ಮ್ಯಾಲೆ ಹೊದಿಕಿ ಆತು. ಡಾರ್ಕ್ ಪೇಪರಿನಾಗ ಬಿಳಿ ಫಿಲ್ಮ್ ಇರತೈತಿ. ತಿರುವೂದಿಲ್ಲ, ತಳದ ಕಾಗದ ಸುಲದು ಮಾರಿ ಮ್ಯಾಲೆ ಮಾಡಿ ಅಂಗಿ ಮ್ಯಾಲೆ ಇಡತೀರಿ. ಇಲ್ಲಿ ಇಂಕ್ ಬಟಾಬಯಲಿನ್ಯಾಗ ಕುಂತಿರತೈತಿ, ಒಗಿಯೂ ನೀರು ಸೀದಾ ಅದಕ್ಕ ತಾಗತೈತಿ. ನಿಮ್ಮ ಕೆಂಪು ಗುಲಾಬಿ ಆಗಿದ್ದು ಇದಕ್ಕ.

ಹಳದಿ ಅಂಗಿ ಮ್ಯಾಲೆ ಕೆಂಪು ಇಲ್ಲಾ ಕರಿ ಅಕ್ಷರ ಇದ್ರ ಲೈಟ್ ಪೇಪರ್ ಸಾಕು. ಕೈಗೆ ಮೆತ್ತಗ ಹತ್ತತೈತಿ, ಬಾಳಿಕಿನೂ ಹೆಚ್ಚು. ಆದ್ರ ನೆನಪಿಡ್ರಿ, ಇಂಕ್‌ಜೆಟ್ಟಿಗೆ ಬಿಳಿ ಬಣ್ಣ ಇಲ್ಲ. ಡಿಸೈನಿನ ಬಿಳಿ ಜಾಗ ಹಳದಿಯಾಗೇ ಉಳಿತೈತಿ, ನೀಲಿ ಹಾಕಿದ್ರ ಹಸರಾಗಿ ಕಾಣತೈತಿ. ಕೆಂಪಂಗಿ ಮ್ಯಾಲೆ ಹಳದಿ ಅಕ್ಷರ ಬೇಕಂದ್ರ ಮಾತ್ರ, ಈ ಎರಡು ಪೇಪರಿನಾಗ ಡಾರ್ಕ್ ಬಿಟ್ಟು ದಾರಿ ಇಲ್ಲ.

ಗುಮ್ಮಟನಗರಿ:
ಇಂಕಿನ ಮಾತು ನಾ ಹೇಳ್ತೀನ್ರಿ. ಎಲ್3110ಕ್ಕ ಬರೋ 003 ಬಾಟ್ಲಿ ನಾಲ್ಕೂ ಡೈ ಇಂಕ್. ಡೈ ಅಂದ್ರ ನೀರಾಗ ಪೂರ್ತಿ ಕರಗಿದ ಬಣ್ಣ. ಒಣಗಿದ ಮ್ಯಾಲೂ ನೀರು ಕಂಡ್ರ ತಿರುಗಿ ಕರಗ್ತದ. ಪಿಗ್ಮೆಂಟ್ ಅಂದ್ರ ಕರಗದ ಸಣ್ಣ ಕಣ, ಕುಂತಲ್ಲೇ ಕುಂದರ್ತದ. ಬಿಸಲಿಗೂ ಪಿಗ್ಮೆಂಟೇ ತಡೀತದ. ನಮ್ಮ ಕಡಿ ಏಪ್ರಿಲ್-ಮೇ ಬಿಸಲಾಗ ಮಾಳಗಿ ಮ್ಯಾಲೆ ಒಣಗಿಸಿದ್ರ ಡೈ ಬಣ್ಣದ ಗತಿ ಕೇಳೋದೇ ಬ್ಯಾಡ.

ನಿಮ್ಮ ಪ್ರಿಂಟರಿನಾಗ ಯಾವ ಇಂಕ್ ಅದ ಅಂತ ಗೊತ್ತಾಗ್ಲಿಕ್ಕೆ ಸಾದಾ ಕಾಗದದ ಮ್ಯಾಲೆ ನಾಲ್ಕು ಬಣ್ಣದ ಚೌಕ ಪ್ರಿಂಟ್ ತಗೀರಿ, ಒಂದು ತಾಸು ಬಿಡ್ರಿ, ಒಂದೊಂದರ ಮ್ಯಾಲೆ ಒಂದೊಂದು ಹನಿ ನೀರು ಹಾಕ್ರಿ. ಹನಿ ಸುತ್ತ ಬಣ್ಣ ಹಬ್ಬಿದ್ರ ಡೈ. ಅಲ್ಲಾಡದಿದ್ರ ಪಿಗ್ಮೆಂಟ್. ಕ್ಯಾನನ್ ಜಿ ಸರಣಿಯಾಗ ಭಾಳ ಮಾಡೆಲ್‌ಗೆ ಕರಿ ಒಂದೇ ಪಿಗ್ಮೆಂಟ್, ಉಳದ ಮೂರು ಡೈ. ಅದಕ್ಕ ಬರೇ ಕರಿ ಅಕ್ಷರದ ಅಂಗಿ ಅದರಾಗ ಚಂದ ಬರ್ತಾವ. ಎಪ್ಸನ್ ಎಲ್15150 ನಾಲ್ಕೂ ಪಿಗ್ಮೆಂಟ್, ಆದ್ರ 12 ಅಂಗಿ ಸಲುವಾಗಿ ಯಾರೂ ಆ ಎ3 ಮಷೀನ್ ತಗೊಳ್ಳಂಗಿಲ್ಲ.

ಶಹಾಪುರ_ಓಣಿ:
ಎಲ್3110ದಾಗ ಪಿಗ್ಮೆಂಟ್ ಇಂಕ್ ಸುರುವಿದ್ರ ನಡೀತೈತೇನ್ರಿ ಸರ?

ಗುಮ್ಮಟನಗರಿ:
ನಡೀತದ, ಮಾಡೋರೂ ಅದಾರ, ಆದ್ರ ವಾರಂಟಿ ಹೋತು ಅಂತ ಲೆಕ್ಕ ಹಿಡೀರಿ. ಉಳದ ಡೈ ಮ್ಯಾಲೆ ಪಿಗ್ಮೆಂಟ್ ಹಾಕಬ್ಯಾಡ್ರಿ. ಎರಡೂ ಕೂಡಿದ್ರ ಕೆಲವು ಇಂಕ್ ಗಂಜಿ ಹಂಗ ಗಟ್ಟಿ ಆಗ್ತಾವ, ಇಂಕ್ ಉಗುಳೋ ಹೆಡ್ ಕಟ್ಟಿ ಹೋಗ್ತದ. ಟ್ಯಾಂಕ್ ಖಾಲಿ ಮಾಡಿ, ಹೆಡ್ ತೊಳಿಯೋ ದ್ರಾವಣ ಹಾಕಿ, ನಳಿಗಿಯೊಳಗ ಹಳೇ ಬಣ್ಣ ಪೂರಾ ಹೋಗೋ ತನಕ ಫ್ಲಶ್ ಮಾಡಿ, ಆಮ್ಯಾಲೆ ನಾಲ್ಕೂ ಬಣ್ಣ ಒಂದೇ ಸಲಕ್ಕ ಬದಲಿ. ಒಂದು ಹೊಸದು, ಮೂರು ಹಳೇದು ಅಂದ್ರ ಬಣ್ಣದ ಹದ ಕೆಡ್ತದ. ಆಮ್ಯಾಲೆ ಮೂರು ನಾಕು ದಿನಕ್ಕೊಮ್ಮೆ ಒಂದು ಬಣ್ಣದ ಪಾನು ತಗೀತಿರಬೇಕು. ವಿಜಯಪುರದ ಒಣ ಹವಾಕ್ಕ ವಾರ ಬಿಟ್ರ ನಾಜಲ್ ಒಣಗಿ ಹೋಗ್ತಾವ. ಬೆಳಗಾವ್ಯಾಗ ಜರಾ ಸಡ್ಲ ಸಿಗಬಹುದು.

ಸಬ್ಲಿಮೇಷನ್ ಇಂಕ್ ಮಾತ್ರ ತಪ್ಪಿ ಸುರುವಬ್ಯಾಡ್ರಿ. ಅದು ಆವಿ ಆಗಿ ಪಾಲಿಯೆಸ್ಟರಿನೊಳಗ ಹೊಗತದ, ಹತ್ತಿ ಹಿಡಿಯಂಗಿಲ್ಲ. ಅಂಗಡ್ಯಾಗ ಎರಡೂ ಪೇಪರಿಗೆ "ಟೀ-ಶರ್ಟ್ ಪೇಪರ್" ಅಂತನೇ ಕೊಡ್ತಾರ. ಟ್ರಾನ್ಸ್‌ಫರ್ ಪೇಪರ್ ದಪ್ಪ ಇರ್ತದ, ಒಂದು ಮಗ್ಗಲು ಪ್ಲಾಸ್ಟಿಕ್ ಹಂಗ ಕೈಗೆ ಹತ್ತತದ, ಹಿಂದ ಭಾಳ ಸಲ ಗೀಟು ಇರ್ತಾವ. ಸಬ್ಲಿಮೇಷನ್ ಪೇಪರ್ ಸಾದಾ ಕಾಗದದಂಗ ತೆಳ್ಳಗ.

ಬನಹಟ್ಟಿ_ನೂಲು:
ಬಟ್ಟೆಯ ಬಗ್ಗೆ ಇನ್ನೂ ಯಾರೂ ಕೇಳಿಲ್ಲ. ಅರ್ಧ ಉತ್ತರ ಅಲ್ಲೇ ಇದೆ.

ಹತ್ತಿ ಎಷ್ಟೇ ಒಣಗಿದಂತೆ ಕಂಡರೂ ಗಾಳಿಯಿಂದ ನೀರು ಹೀರಿಕೊಂಡೇ ಇರುತ್ತದೆ. ನೂಲಿನ ವ್ಯವಹಾರದಲ್ಲಿ ಇದನ್ನು ಒಣತೂಕದ ಶೇ. 8.5 ಎಂದು ಹಿಡಿಯುತ್ತಾರೆ. ಅಂದರೆ 180 ಗ್ರಾಂ ತೂಗುವ ಅಂಗಿಯಲ್ಲಿ ಸುಮಾರು 14 ಗ್ರಾಂ ನೀರು. ಬೆಳಗಾವಿಯ ಜುಲೈ-ಆಗಸ್ಟ್ ಮಳೆಯಲ್ಲಿ ಅದಕ್ಕಿಂತ ಹೆಚ್ಚು. 180 ಡಿಗ್ರಿ ಪ್ಲೇಟು ಬಿದ್ದೊಡನೆ ಇದು ಉಗಿಯಾಗಿ ಮೇಲೆ ಬರುತ್ತದೆ, ಮೇಲೆ ಕರಗುತ್ತಿರುವ ಫಿಲ್ಮ್ ದಾರಿ ಬಿಡುವುದಿಲ್ಲ. ಕಣ್ಣಿಗೆ ಕಾಣದ ಗುಳ್ಳೆಗಳು ಅಡಿಯಲ್ಲೇ ಉಳಿಯುತ್ತವೆ, ಒಗೆಯುವಾಗ ಅಲ್ಲಿಂದಲೇ ಬಿಡಲು ಶುರು. ಅದಕ್ಕೆ ಪೇಪರ್ ಇಡುವ ಮೊದಲು ಬರಿ ಅಂಗಿಯನ್ನು 5 ಸೆಕೆಂಡ್ ಒತ್ತಿ ತೆಗೆದು, ಉಗಿ ಹೋಗಲು ಬಿಟ್ಟು, ಮತ್ತೆ 5 ಸೆಕೆಂಡ್ ಒತ್ತಬೇಕು. ಮಳೆಗಾಲದಲ್ಲಿ ಮೂರನೇ ಸಲವೂ ಮಾಡಿ.

ಎರಡನೆಯದು ಹೊಸ ಅಂಗಿಯ ಮೆತ್ತನೆಯ ಹೊಳಪು. ಅದರಲ್ಲಿ ಬಹುಪಾಲು ಸಿಲಿಕೋನ್ ಸಾಫ್ಟ್‌ನರ್ ಇರುತ್ತದೆ. ಪೇಪರನ್ನು ಸುಲಭವಾಗಿ ಬಿಡಿಸಲು ಯಾವ ಸಿಲಿಕೋನ್ ಬಳಸುತ್ತಾರೋ ಅದೇ ಜಾತಿಯದನ್ನು ಅಂಗಿಗೆ ಬಳಿದು, ಮೇಲೆ ಫಿಲ್ಮ್ ಅಂಟಲಿ ಎಂದರೆ ಹೇಗೆ ಅಂಟೀತು? ಮೃದುಕಾರಕ ಇಲ್ಲದ ಸಾಬೂನಿನಲ್ಲಿ ಒಂದು ಸಲ ಒಗೆದು ಒಣಗಿಸಿ. ಇದರಿಂದ ಇನ್ನೊಂದು ಲಾಭವಿದೆ. ಮೊದಲ ಒಗೆತಕ್ಕೆ ಹೆಣಿಗೆ ಬಟ್ಟೆ ಕುಗ್ಗುತ್ತದೆ, ಫಿಲ್ಮ್ ಕುಗ್ಗುವುದಿಲ್ಲ. ಒತ್ತಿದ ಮೇಲೆ ಕುಗ್ಗಿದರೆ ಫಿಲ್ಮ್ ಸುಕ್ಕುಗಟ್ಟಿ ಆ ಸುಕ್ಕಿನ ಸಾಲಿನಲ್ಲೇ ಬಿರುಕು ಬಿಡುತ್ತದೆ. ನಿಮ್ಮ ಬಿರುಕು ಅಡ್ಡ ಗೆರೆಗಳಂತೆ ಇದ್ದರೆ ಇದೇ ಕಾರಣ ಇರಬಹುದು.

ಕೊಳ್ಳುವಾಗ 180 ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ) ಆಸುಪಾಸಿನ ಬಯೋವಾಶ್ ಹತ್ತಿ ಕೇಳಿ. ಬಯೋವಾಶ್‌ನಲ್ಲಿ ಎಂಜೈಮ್ ಮೇಲಿನ ಜುಂಗನ್ನು ತಿಂದುಹಾಕುತ್ತದೆ, ಫಿಲ್ಮ್ ಸಮತಟ್ಟಾದ ಎಳೆಯ ಮೇಲೆ ಕೂರುತ್ತದೆ. ಜುಂಗು ಇದ್ದರೆ ಅದು ಜುಂಗನ್ನು ಹಿಡಿದುಕೊಳ್ಳುತ್ತದೆ, ಜುಂಗು ಉದುರಿದಂತೆ ಚಿತ್ರವೂ ಉದುರುತ್ತದೆ. ಲೈಕ್ರಾ ಬೆರೆತ ಬಟ್ಟೆ ಬೇಡವೇ ಬೇಡ.

ಉದ್ಯಮಬಾಗ_ಪ್ರೆಸ್:
ನೂಲಿನವರು ಹೇಳಿದ್ದು ಬರೋಬ್ಬರಿ. ಈಗ ಪ್ರೆಸ್ಸಿಗೆ ಬರೂಣು.

ಇನ್‌ಫ್ರಾರೆಡ್ ಗನ್ ಇದ್ರ ಮ್ಯಾಲಿನ ಪ್ಲೇಟನ್ನ ನಡಕ ಒಮ್ಮೆ, ನಾಲ್ಕೂ ಮೂಲಿಗೆ ಒಮ್ಮೊಮ್ಮೆ ಅಳೀರಿ. ಟೆಫ್ಲಾನ್ ಬಳದ ಜಾಗಕ್ಕ ಗುರಿ ಇಡ್ರಿ, ಹೊಳಿಯೂ ಬರೀ ಅಲ್ಯುಮಿನಿಯಂ ಮ್ಯಾಲೆ ಗನ್ ಕಡಿಮಿ ತೋರಸಿ ದಾರಿ ತಪ್ಪಸತೈತಿ. ಮೂಲಿಯೊಳಗ 10–15 ಡಿಗ್ರಿ ಕಡಿಮಿ ಬಂದ್ರ ಆಶ್ಚರ್ಯ ಇಲ್ಲ, ಅಗ್ಗದ ಪ್ರೆಸ್ಸಿನಾಗ ಕಾಯಿಲ್ ಅಂಚಿನ ತನಕ ಹೋಗಿರೂದಿಲ್ಲ. ಡಿಸೈನ್ ಪ್ಲೇಟಿನ ನಟ್ಟನಡುವ ಬರೂ ಹಂಗ ಅಂಗಿ ಹೊಂದಸ್ರಿ, ಒಂದು ಮಗ್ಗಲಕ್ಕ ಸರದ್ರ ಆ ಮಗ್ಗಲಿನ ಮೂಲಿನ ಏಳೂದು.

ಒತ್ತಡ ಪರೀಕ್ಷೆಗೆ ದುಡ್ಡು ಬ್ಯಾಡ. ಪ್ರೆಸ್ ತಣ್ಣಗಿದ್ದಾಗ ಸಾದಾ ಕಾಗದದ ನಾಲ್ಕು ಪಟ್ಟಿ ಕತ್ತರಿಸಿ, ನಾಲ್ಕು ಮೂಲಿಗೆ ಅರ್ಧ ಒಳಗ ಅರ್ಧ ಹೊರಗ ಇಟ್ಟು ಮುಚ್ಚರಿ. ಒಂದೊಂದ ಜಗ್ಗರಿ. ನಾಲ್ಕೂ ಒಂದ ಸಮ ಬಿಗಿ ಇರಬೇಕು. ಒಂದು ಸರಕ್ ಅಂತ ಬಂತು ಅಂದ್ರ ಪ್ಲೇಟ್ ಓರೆ ಐತಿ. ಅಂಗಿ ಹಾಕಿದಾಗ ಕಾಲರ್, ಹೊಲಿಗಿ, ಗುಂಡಿ ಪ್ಲೇಟಿನ ಕೆಳಗ ಬಂದ್ರೂ ಇದ ಹಣೆಬರಹ: ದಪ್ಪ ಹೊಲಿಗಿ ಪ್ಲೇಟನ್ನ ಎತ್ತಿ ಹಿಡಿತೈತಿ, ಬಾಜೂಕ ಒತ್ತಡ ಬೀಳೂದಿಲ್ಲ. ಅವನ್ನ ಪ್ಲೇಟಿನ ಹೊರಗ ಇಳಿಬಿಡ್ರಿ, ಆಗದಿದ್ರ ಡಿಸೈನ್ ಕೆಳಗ ಅಂಗಿಯೊಳಗ ಶಾಖ ತಡಿಯೂ ಸಿಲಿಕೋನ್ ಫೋಮಿನ ತುಂಡು ತೂರಸ್ರಿ.

ದಿನದ ಮೊದಲ ಅಂಗಿಗೆ ಮುಂಚೆ ಖಾಲಿ ಪ್ರೆಸ್ 2 ನಿಮಿಷ ಮುಚ್ಚಿ ಇಡ್ರಿ. ಕೆಳಗಿನ ರಬ್ಬರ್ ತಣ್ಣಗಿದ್ರ ಮೊದಲ ಅಂಗಿಯ ಶಾಖ ಅದ ಕುಡದುಬಿಡತೈತಿ.

ಈಗ ಡಿಗ್ರಿ. ಲೈಟ್ ಪೇಪರಿಗೆ ಹೆಚ್ಚಾಗಿ 180–190, 20–30 ಸೆಕೆಂಡ್. ಡಾರ್ಕಿಗೆ 165–175, 20–30 ಸೆಕೆಂಡ್. ಪಾಕೀಟಿನ ಮ್ಯಾಲೆ ಬ್ಯಾರೆ ಬರದಿದ್ರ ಪಾಕೀಟಿನ ಮಾತ ಖರೆ. ನೀವು ಡಾರ್ಕಿಗೆ 180 ಇಟ್ಟು 15 ಸೆಕೆಂಡಿಗೆ ತಗದೀರಿ. ಮ್ಯಾಲಿನ ಪದರು ಕಾದು ಗಡಸಾತು, ತಳದ ಅಂಟು ಅರಿವಿಯೊಳಗ ಇಳಿಯಾಕ ಟೈಮ್ ಸಿಗಲಿಲ್ಲ. ಬಿರುಕೂ ಮೂಲಿನೂ ಎರಡೂ ಇದರಾಗ ಬಂದಾವು ಅನಸತೈತಿ.

ಶಹಾಪುರ_ಓಣಿ:
ಸಂಜಿಮುಂದ ಒತ್ತಿದ ಸ್ಯಾಂಪಲ್ ಮುಂಜಾನಿ ಒತ್ತಿದ್ದಕ್ಕಿಂತ ಲಗೂನ ಏಳತಾವು. ಅದಕ್ಕೂ ಕಾರಣ ಐತೇನು?

ಉದ್ಯಮಬಾಗ_ಪ್ರೆಸ್:
ವೋಲ್ಟೇಜ್ ನೋಡ್ರಿ. ಕಾಯಿಲಿನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಾಗ ಇಳಿತೈತಿ. 230 ಇದ್ದದ್ದು 190ಕ್ಕ ಬಿದ್ರ ಶಾಖ ಶೇ. 68 ಅಷ್ಟ. ಡಿಸ್‌ಪ್ಲೇ 180 ಮುಟ್ಟತೈತಿ, ಸುಳ್ಳಲ್ಲ. ಆದ್ರ ಅಂಗಿ ಹಾಕಿ ಮುಚ್ಚಿದ ಕೂಡ್ಲೆ ಪ್ಲೇಟ್ ತಣ್ಣಗಾಗತೈತಲ್ಲ, ತಿರುಗಿ ಏರಾಕ ತಾಕತ್ತು ಸಾಲೂದಿಲ್ಲ. ಮುಚ್ಚಿದ ಮ್ಯಾಲೆ ಡಿಸ್‌ಪ್ಲೇ ಎಷ್ಟಕ್ಕ ಇಳೀತು, ಎಷ್ಟ ಸೆಕೆಂಡಿಗೆ ವಾಪಸ್ ಬಂತು ನೋಡ್ರಿ. 10 ಡಿಗ್ರಿಗಿಂತ ಹೆಚ್ಚು ಇಳದ್ರ ಮುಂಜಾನಿ ಕೆಲಸ ಮುಗಿಸ್ರಿ, ಇಲ್ಲಾ ಎರಡು ಅಂಗಿ ನಡುವ ಒಂದು ನಿಮಿಷ ಬಿಡ್ರಿ. 16 ಆಂಪಿಯರ್ ಸಾಕೆಟ್ಟಿಗೇ ಹಚ್ಚಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬ್ಯಾಡ. ವೈರ್ ಕಾದಷ್ಟೂ ನಿಮ್ಮ ಪ್ಲೇಟಿನ ಶಾಖ ಹಾದಿಯೊಳಗ ಸೋರಿಹೋತು ಅಂತ ಅರ್ಥ.

ನವನಗರ_ಅಕ್ಕ:
ಪ್ರೆಸ್ ಇಲ್ಲದವರೂ ಇಲ್ಲಿ ಓದತಾರ, ಇಸ್ತ್ರಿಪೆಟ್ಟಿಗಿ ಬಗ್ಗೆ ಬರೀತೀನಿ.

ಇಸ್ತ್ರಿ ಮಾಡೂ ಮೆತ್ತನ ಟೇಬಲ್ ಮ್ಯಾಲೆ ಮಾಡಬ್ಯಾಡ್ರಿ, ಒತ್ತಡ ಎಲ್ಲಾ ಸ್ಪಂಜಿಗೆ ಹೋಗತೈತಿ. ಅಡಗಿಮನಿ ಗ್ರಾನೈಟ್ ಕಟ್ಟಿ ಮ್ಯಾಲೂ ಬ್ಯಾಡ, ಕಲ್ಲು ಶಾಖ ಎಳಕೊಂತೈತಿ. ಗಟ್ಟಿ ಮರದ ಟೇಬಲ್, ಅದರ ಮ್ಯಾಲೆ ಸುಕ್ಕಿಲ್ಲದ ಹತ್ತಿ ಚಾದರ ಎರಡು ಮಡಿಕಿ, ಅಷ್ಟ. ಟೇಬಲ್ ಸೊಂಟಕ್ಕಿಂತ ಕೆಳಗಿದ್ರ ಮೈಭಾರ ಬಿಟ್ಟು ಒತ್ತಾಕ ಬರತೈತಿ.

ಹತ್ತಿಯ ಮೂರು ಚುಕ್ಕಿ ಸೆಟ್ಟಿಂಗ್. ಸ್ಟೀಮ್ ಪೆಟ್ಟಿಗಿ ಇದ್ರ ನೀರು ಪೂರಾ ಚೆಲ್ಲಿ, ಸ್ಟೀಮ್ ಬಂದ್ ಮಾಡ್ರಿ. ಲೈಟ್ ಒಮ್ಮೆ ಆರಿ, ಹತ್ತಿ, ಮತ್ತ ಆರೂ ತನಕ ಕಾಯ್ರಿ, ಆಗ ತಳ ಒಂದ ಸಮ ಕಾದಿರತೈತಿ. ತಳದಾಗ ತೂತು ಇದ್ದಲ್ಲಿ ಶಾಖ ಮುಟ್ಟೂದಿಲ್ಲ, ಅದಕ್ಕ ಹಳೇ ಕಾಲದ ತೂತಿಲ್ಲದ ಭಾರದ ಪೆಟ್ಟಿಗಿನ ಈ ಕೆಲಸಕ್ಕ ರಾಜಾ.

ಎ4 ಚಿತ್ರನ ಆರು ಭಾಗ ಅಂತ ಹಿಡೀರಿ. ಒಂದೊಂದ ಭಾಗದ ಮ್ಯಾಲೆ 25–30 ಸೆಕೆಂಡ್, ಎರಡೂ ಕೈಲೆ ಒತ್ತಿ. ತಿಕ್ಕಬ್ಯಾಡ್ರಿ, ಕರಗಿದ ಫಿಲ್ಮ್ ಸರಿತೈತಿ. ಎತ್ತಿ ಇಡ್ರಿ, ಒಂದರ ಮ್ಯಾಲೊಂದು ಎರಡು ಬೆರಳು ಬರೂ ಹಂಗ. ಕಡೀಕ ನಾಲ್ಕೂ ಅಂಚಿಗೆ ಪೆಟ್ಟಿಗಿಯ ಚೂಪು ಮೂತಿ ಬಿಟ್ಟು ಅಗಲ ಭಾಗದಲೆ ಇನ್ನೊಂದು ಸುತ್ತು. ಪೆಟ್ಟಿಗಿ ತಳ ಸುಮಾರು 200 ಚದರ ಸೆಂಟಿಮೀಟರ್. 10 ಕಿಲೋ ಭಾರ ಬಿಟ್ರೂ ಒಂದು ಚದರ ಸೆಂಟಿಮೀಟರಿಗೆ 50 ಗ್ರಾಂ ಅಷ್ಟ ಬೀಳತೈತಿ. ಪ್ರೆಸ್ಸಿನ ಲೆಕ್ಕಕ್ಕ ಇದು ಏನೂ ಅಲ್ಲ. ಹಂಗಾಗಿ ಇಸ್ತ್ರಿಯಲೆ ಅಂಗೈ ಅಗಲದ ಚಿತ್ರ ಬಾಳಿಕಿ ಬರತಾವು, ಎದಿತುಂಬ ಚಿತ್ರ ಬರೂದಿಲ್ಲ.

ಖಡೇಬಜಾರ:
ಇಷ್ಟೆಲ್ಲಾ ಯಾಕ ತಲಿ ಕೆಡಿಸ್ಕೋತೀರಿ, ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್, ಫಿಲ್ಮ್ ಮ್ಯಾಲೆ ಪ್ರಿಂಟ್ ತಗದು ಅಂಗಿಗೆ ಒತ್ತೂದು) ಮಾಡಸ್ರಿ. ಮೀಟರ್ ಲೆಕ್ಕದಾಗ ಶೀಟ್ ಪ್ರಿಂಟ್ ಮಾಡಿ ಕೊಡತಾರ.

ಉದ್ಯಮಬಾಗ_ಪ್ರೆಸ್:
ಅದೂ ಖರೆ, ಕೆಂಪಂಗಿಗೆ ನಾನೂ ಅದನ್ನ ಹೇಳತೀನಿ. ಡಿಟಿಎಫ್‌ನಾಗ ಪಿಗ್ಮೆಂಟ್ ಇಂಕ್, ಅದರ ಬೆನ್ನಿಗೆ ಬಿಳಿ ಇಂಕ್, ಅದಕ್ಕ ಕರಗೂ ಅಂಟಿನ ಪುಡಿ. 150–160 ಡಿಗ್ರಿಗೆ 10–15 ಸೆಕೆಂಡ್ ಒತ್ತಿ, ಫಿಲ್ಮ್ ಬಿಡಿಸಿ, ಇನ್ನೊಮ್ಮೆ ಒತ್ತಿದ್ರ ಡಾರ್ಕ್ ಪೇಪರಿಗಿಂತ ಭಾಳ ದಿನ ತಡಿತೈತಿ, ಕತ್ತರಿ ಕೆಲಸನೂ ಇಲ್ಲ. ಒಂದ ಡಿಸೈನ್ 30–40 ಅಂಗಿಗೆ ಬೇಕಂದ್ರ ಸ್ಕ್ರೀನ್ ಪ್ರಿಂಟ್. ಆದ್ರ ಹಳದಿ ಆರು ಅಂಗಿಗೆ ಮನ್ಯಾಗಿನ ಲೈಟ್ ಪೇಪರ್ ಸಾಕಪ್ಪಾ, ಬರೋಬ್ಬರಿ ಒತ್ತಬೇಕು ಅಷ್ಟ.

ಶಹಾಪುರ_ಓಣಿ:
ಕೆಂಪಂಗಿಗೂ ಒಮ್ಮೆ ಡಾರ್ಕ್ ಪೇಪರಿನ ಮ್ಯಾಲೆ ಪ್ರಯತ್ನ ಮಾಡೂಣು ಅಂತೈತಿ. ಅಕ್ಷರ ಕತ್ತರಿಸೂದರಾಗ ಏನರ ಯುಕ್ತಿ ಐತೇನು? "ಕರ್ನಾಟಕ" ಅನ್ನೂದರ ಅರ್ಕಾವತ್ತ ಮೊದಲ ಏಳತೈತಿ.

ನವನಗರ_ಅಕ್ಕ:
ಅದ ಮೊದಲ ಏಳೂದ್ರೀ. ಅರ್ಕಾವತ್ತು, ಒತ್ತಕ್ಷರ, ದೀರ್ಘದ ಬಾಲ, ಇವು ಅಕ್ಷರದಿಂದ ಬಿಟ್ಟು ಒಂಟಿ ನಿಂತಿರತಾವು. ಸಣ್ಣ ತುಂಡು ಅಂದ್ರ ಅಂಚು ಜಾಸ್ತಿ, ಮೈ ಕಡಿಮಿ. ಕೋರಲ್‌ಡ್ರಾ ಅನ್ನೂ ಡಿಸೈನ್ ಸಾಫ್ಟ್‌ವೇರಿನಾಗ ಅಕ್ಷರಾನ ಕರ್ವ್ ಮಾಡಿ, ಸುತ್ತ 3 ಮಿಮೀ ಹೊರಗೀಟು ಕೊಡ್ರಿ. ಆಗ ಒತ್ತು, ಬಾಲ, ಅಕ್ಷರ ಎಲ್ಲಾ ಒಂದ ಮೈ ಆಗಿ ಕೂಡಿಕೊಂತಾವು. ಆ ಹೊರಗೀಟಿಗೆ ಅಂಗಿಯಂಥದ್ದ ಕೆಂಪು ತುಂಬಿದ್ರ ದೂರದಿಂದ ಕಾಣಂಗಿಲ್ಲ, ಬಿಳಿ ಬಿಟ್ರ ಅದೂ ಚಂದ. ಗೀಟಿನ ಹೊರಗಿನ ಅಂಚಿನ ಮ್ಯಾಲೆ ಕತ್ತರಸ್ರಿ. ಎಲ್ಲೂ ಚೂಪು ಮೂಲಿ ಬ್ಯಾಡ, ಎಲ್ಲಾ ಮೂಲಿ ದುಂಡಗ. ಚೂಪು ಮೂಲಿಗೆ ಉಗುರು ಸಿಗತೈತಿ, ದುಂಡಕ್ಕ ಸಿಗೂದಿಲ್ಲ. 2 ಮಿಮೀಗಿಂತ ತೆಳು ಗೀಟಿರೂ ಫಾಂಟ್ ಆರಿಸಬ್ಯಾಡ್ರಿ.

ಲೈಟ್ ಪೇಪರಿನಾಗ ಇದರ ಉಲ್ಟಾ. ಅಲ್ಲಿ ಪ್ರಿಂಟ್ ಇಲ್ಲದ ಖಾಲಿ ಫಿಲ್ಮ್ ದಿನ ಹೋದಂಗ ಮಾಸಿ ಕಾಣತೈತಿ. 2 ಮಿಮೀ ಬಿಟ್ಟು ಹತ್ತಿರಕ್ಕ ಕತ್ತರಸ್ರಿ. ಮತ್ತ ತಿರುವೂದು ಮರೀಬ್ಯಾಡ್ರಿ. ಗ, ರ, ಠ ಇಂಥವು ತಿರುವಿದ್ರೂ ಹೆಚ್ಚೂಕಡಿಮಿ ಹಂಗ ಕಾಣತಾವು, ಪರದೆ ಮ್ಯಾಲೆ ಮೋಸ ಹೋಗತೀರಿ. ನ ನೋಡಿ ಖಾತ್ರಿ ಮಾಡ್ಕೋರಿ.

ಗುಮ್ಮಟನಗರಿ:
ಪ್ರಿಂಟ್ ಸೆಟ್ಟಿಂಗಿನಾಗ ಗ್ಲಾಸಿ ಫೋಟೋ ಪೇಪರ್ ಆರಿಸಬ್ಯಾಡ್ರಿ. ಇಂಕ್ ಜಾಸ್ತಿ ಸುರೀತದ, ಫಿಲ್ಮ್ ಕುಡಿಯಂಗಿಲ್ಲ. ಲೈಟ್ ಪೇಪರಿನಾಗ ಇಂಕ್ ಅರಿವಿ ಮತ್ತ ಫಿಲ್ಮ್ ನಡುವ ಸಿಗ್ತದ ಅಂತ ಮ್ಯಾಲೆ ಹೇಳ್ಯಾರಲ್ಲ, ಅಲ್ಲಿ ಇಂಕಿನ ಕೆಸರು ನಿಂತ್ರ ಅಂಟು ಹ್ಯಾಂಗ ಹಿಡೀಬೇಕು? ಮ್ಯಾಟ್ ಇಲ್ಲಾ ಸಾದಾ ಪೇಪರ್, ಹೈ ಕ್ವಾಲಿಟಿ. ಪ್ರಿಂಟ್ ಮಸುಕು ಕಂಡ್ರ ಹೆದರಬ್ಯಾಡ್ರಿ, ಕಾದ ಮ್ಯಾಲೆ ಬಣ್ಣ ಏರ್ತದ. ಒಂದು ಸಲಕ್ಕ ಒಂದೇ ಹಾಳಿ ಹಾಕ್ರಿ. ತಗದ ಮ್ಯಾಲೆ ಅರ್ಧ ತಾಸು ಒಣಗ್ಲಿ, ಮಳಿ ದಿನ ಇದ್ರ ಒಂದು ತಾಸು. ಉಳದ ಹಾಳಿ ಪ್ಲಾಸ್ಟಿಕ್ ಚೀಲದಾಗ ಗಾಳಿ ತಗದು ಮಟ್ಟಸ ಇಡ್ರಿ.

ಮತ್ತೊಂದು, ಇಂಕ್‌ಜೆಟ್ ಪೇಪರ್ ಲೇಸರ್ ಪ್ರಿಂಟರಿನಾಗ ಅಪ್ಪಿತಪ್ಪಿ ಹಾಕಬ್ಯಾಡ್ರಿ. ಒಳಗಿನ ಬಿಸಿ ರೋಲರಿಗೆ ಫಿಲ್ಮ್ ಸುತ್ತಿಕೊಂತು ಅಂದ್ರ ಪ್ರಿಂಟರ್ ಖರ್ಚಿನ ಮುಂದ 12 ಅಂಗಿ ಏನೂ ಅಲ್ಲ.

ಶಹಾಪುರ_ಓಣಿ:
ಲೈಟ್ ಪೇಪರಿನ ಕಾಗದ ಬಿಸಿ ಇದ್ದಾಗ ಬಿಡಿಸೂದೋ, ತಣ್ಣಗಾದ ಮ್ಯಾಲೋ? ಒಬ್ಬೊಬ್ರು ಒಂದೊಂದು ಹೇಳತಾರ.

ಖಡೇಬಜಾರ:
ಬಿಸಿ. ಯಾವಾಗ್ಲೂ ಬಿಸಿ.

ಬನಹಟ್ಟಿ_ನೂಲು:
ಯಾವಾಗಲೂ ಅಲ್ಲ. ಬಿಡಿಸಿಕೊಳ್ಳುವ ಪದರ ಯಾವ ಜಾತಿಯದು ಎಂಬುದರ ಮೇಲೆ ಹೋಗುತ್ತದೆ. ಬಿಸಿಯಲ್ಲೇ ಬಿಡಿಸುವ ಪೇಪರಿನಲ್ಲಿ ಫಿಲ್ಮ್‌ನ ಸ್ವಲ್ಪ ಭಾಗ ಕಾಗದದ ಮೇಲೇ ಉಳಿದು, ಅಂಗಿಯ ಮೇಲೆ ತೆಳು, ಮ್ಯಾಟ್, ಮೆತ್ತನೆಯ ಪದರ ಬರುತ್ತದೆ. ತಣ್ಣಗಾದ ಮೇಲೆ ಬಿಡಿಸುವ ಪೇಪರಿನಲ್ಲಿ ಫಿಲ್ಮ್ ಇಡಿಯಾಗಿ ಬರುತ್ತದೆ, ಹೊಳಪು ಹೆಚ್ಚು, ಗಡಸೂ ಹೆಚ್ಚು. ಕೆಡುವುದು ನಡುವಿನ ಸ್ಥಿತಿಯಲ್ಲಿ: ಅರೆಬಿಸಿಯಲ್ಲಿ ಎಳೆದರೆ ಒಂದು ಕಡೆ ಬಂದು ಒಂದು ಕಡೆ ಹರಿಯುತ್ತದೆ. ಬಿಸಿ ಎಂದರೆ ಪ್ರೆಸ್ ತೆರೆದ 3–5 ಸೆಕೆಂಡಿನೊಳಗೆ, ನಿಲ್ಲಿಸದೆ, ಒಂದೇ ಓಟದಲ್ಲಿ, ಕಾಗದವನ್ನು ಮೇಲಕ್ಕೆತ್ತದೆ ಅಂಗಿಗೆ ಹತ್ತಿಕೊಂಡೇ ಹಿಂದಕ್ಕೆ ಮಡಚಿ ಎಳೆಯಬೇಕು. ತಣ್ಣಗೆ ಎಂದರೆ ಕೈಗೆ ಬಿಸಿ ತಾಗಲೇಬಾರದು.

ಲೂಸ್ ಪೇಪರಿಗೆ ಚಿಂದಿ ಬಟ್ಟೆಯ ಮೇಲೆ 5×5 ಸೆಂಮೀ ತುಂಡುಗಳಲ್ಲಿ ಎರಡೂ ಮಾಡಿ ನೋಡಿ.

ಉದ್ಯಮಬಾಗ_ಪ್ರೆಸ್:
ಹಂಗ ಸಣ್ಣ ತುಂಡಿನ ಮ್ಯಾಲೆ ಡಿಗ್ರಿನೂ ಪರೀಕ್ಷೆ ಮಾಡ್ರಿ. ಒಂದ ಹಾಳಿಯಿಂದ ಆರು ತುಂಡು ಕತ್ತರಿಸಿ, ಡಾರ್ಕಿಗೆ 165, 170, 175, ಪ್ರತಿಯೊಂದಕ್ಕೂ 20 ಮತ್ತ 30 ಸೆಕೆಂಡ್. ಬಾಜೂಕ ಪೆನ್ನಿಲೆ ಬರೀರಿ. ಒಂದು ದಿನ ಬಿಟ್ಟು ಮೂರು ಪರೀಕ್ಷೆ: ಉಗುರಿಲೆ ಅಂಚು ಕೆದರ್ರಿ, ಸೆಲೋಟೇಪ್ ಒತ್ತಿ ಹಚ್ಚಿ ಝಟ್ ಅಂತ ಕೀಳ್ರಿ, ಅರಿವಿ ಅಡ್ಡಕ ಜರಾ ಜಗ್ಗಿ ಬಿಡ್ರಿ. ಟೇಪಿಗೆ ಬಣ್ಣ ಬಂದ್ರ ಶಾಖ ಸಾಲದು. ಜಗ್ಗಿದಾಗ ಬಿಳಿ ಗೀಟು ಬಿದ್ರ ಫಿಲ್ಮ್ ಮ್ಯಾಲೇ ಕುಂತೈತಿ ಇಲ್ಲಾ ಸುಟ್ಟೈತಿ. ಹಳದಿ ಛಾಯಾ ಬಂದ್ರ ಖಾತ್ರಿ ಸುಟ್ಟೈತಿ.

ಬಾಳಿಕಿ ಹೆಚ್ಚು ಮಾಡೂ ಒಂದ ಒಂದು ಯುಕ್ತಿ ಕೇಳಿದ್ರ ನಾ ಎರಡನೇ ಒತ್ತು ಅಂತೀನಿ. ಕಾಗದ ಬಿಡಿಸಿದ ಮ್ಯಾಲೆ ಚಿತ್ರದ ಮ್ಯಾಲೆ ಬೇಕಿಂಗ್ ಪೇಪರ್ ಹಾಸಿ ಇನ್ನೊಮ್ಮೆ 10–15 ಸೆಕೆಂಡ್ ಒತ್ತರಿ. ಬೇಕಿಂಗ್ ಪೇಪರ್ ಅಂದ್ರ ಸಿಲಿಕೋನ್ ಬಳದದ್ದು. ಅಂಗಡ್ಯಾಗ ಬಟರ್ ಪೇಪರ್ ಅಂತ ಕೊಡೂದು ಎಲ್ಲಾ ಅದಲ್ಲ, ಸ್ಟೇಷನರಿ ಅಂಗಡಿ ಬಟರ್ ಪೇಪರ್ ಫಿಲ್ಮಿಗೇ ಅಂಟತೈತಿ. ಎರಡನೇ ಒತ್ತು ಕೊಟ್ಟ ಚಿತ್ರಾನ ಓರೆ ಬೆಳಕಿನಾಗ ನೋಡ್ರಿ: ಫಿಲ್ಮಿನ ಮ್ಯಾಲೆ ಅರಿವಿಯ ಹೆಣಿಗಿ ಸಾಲು ಸಣ್ಣಗ ಮೂಡಿ ಕಾಣತಾವು. ಅವು ಕಂಡ್ರ ಫಿಲ್ಮ್ ಎಳಿಯೊಳಗ ಇಳೀತು. ಗಾಜಿನಂಗ ನುಣ್ಣಗ ಇದ್ರ ಇನ್ನೂ ಮ್ಯಾಲೆ ತೇಲಾಕತೈತಿ.

ನವನಗರ_ಅಕ್ಕ:
ಲೈಟ್ ಪೇಪರಿಗೆ, ಬಿಡಿಸಿದ ಕೂಡ್ಲೆ ಇನ್ನೂ ಬೆಚ್ಚಗಿದ್ದಾಗ ಅರಿವಿ ಅಡ್ಡಕ ಒಮ್ಮೆ ಜರಾ ಜಗ್ಗಬೇಕು. ಹೆಣಿಗಿ ಸಂದು ಬಿಚ್ಚಿಕೊಂತಾವು, ಆಮ್ಯಾಲೆ ಮೈಮ್ಯಾಲೆ ಜಗ್ಗಿದಾಗ ಬಿರಿಯೂದು ಕಡಿಮಿ.

ಉದ್ಯಮಬಾಗ_ಪ್ರೆಸ್:
ಲೈಟಿಗೆ ಒಪ್ಪಿದೆ ಅಕ್ಕಾರ. ಡಾರ್ಕಿಗೆ ಹಂಗ ಮಾಡಬ್ಯಾಡ್ರಿ, ಬಿಳಿ ಪದರು ಬೆಚ್ಚಗಿದ್ದಾಗ ಹರದ್ರ ಕೆಳಗಿನ ಕೆಂಪು ಇಣಕಿ ನೋಡತೈತಿ.

ಖಡೇಬಜಾರ:
ಒತ್ತಿದ ಮ್ಯಾಲೆ ವಿನೆಗರ್ ನೀರಾಗ ಇಲ್ಲಾ ಉಪ್ಪಿನ ನೀರಾಗ ನೆನೆ ಹಾಕಿದ್ರ ಬಣ್ಣ ಗಟ್ಟಿ ಆಗತೈತಿ ಅಂತಾರಲ್ಲ? ಪಟಿಕಾನೂ ಹಾಕತಾರ.

ಬನಹಟ್ಟಿ_ನೂಲು:
ಆ ಮಾತು ಬಂದದ್ದು ಬಣ್ಣಗಾರರ ಹಂಡೆಯಿಂದ. ಪಟಿಕ ಗಿಡಮೂಲಿಕೆ ಬಣ್ಣವನ್ನು ನೂಲಿಗೆ ಹಿಡಿಸುತ್ತದೆ. ಉಪ್ಪು, ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣವನ್ನು ನೀರಿನಿಂದ ನೂಲಿನ ಕಡೆ ತಳ್ಳುತ್ತದೆ. ಎರಡೂ ಕಡೆ ಬಣ್ಣ ನೂಲಿನೊಳಗೆ ಹೋಗಬೇಕು. ಇಲ್ಲಿ ನಿಮ್ಮ ಬಣ್ಣ ಇರುವುದು ಪ್ಲಾಸ್ಟಿಕ್ ಫಿಲ್ಮಿನಲ್ಲಿ. ವಿನೆಗರ್, ಉಪ್ಪು, ಪಟಿಕ ಯಾವುದಕ್ಕೂ ಇಲ್ಲಿ ಕೆಲಸವಿಲ್ಲ, ಡೈ ಇಂಕ್ ಇದ್ದರೆ ನೆನೆಹಾಕಿದಷ್ಟೂ ಹರಿಯುತ್ತದೆ. ಮೇಲೆ ವಾರ್ನಿಶ್ ಸ್ಪ್ರೇ ಹೊಡೆಯುವುದೂ ಬೇಡ. ಒಣಗಿ ಗಾಜಿನಂತಾಗಿ, ಮೊದಲ ಬಿರುಕು ಅದಕ್ಕೇ ಬಿದ್ದು ಕೆಳಗಿನ ಫಿಲ್ಮನ್ನೂ ಸೀಳುತ್ತದೆ.

ಶಹಾಪುರ_ಓಣಿ:
ಈಗಾಗ್ಲೇ ಮೂಲಿ ಎದ್ದ ಸ್ಯಾಂಪಲ್ ತಿರುಗಿ ಒತ್ತಿದ್ರ ಹತ್ತತೈತೇನು?

ಉದ್ಯಮಬಾಗ_ಪ್ರೆಸ್:
ಮೂಲಿ ಎದ್ದು ಒಗದಿರದಿದ್ರ ಹತ್ತತೈತಿ. ಒಗದಿದ್ರ ಅಡಿಗೆ ಸಾಬೂನು, ಎಣ್ಣಿ, ಜುಂಗು ಸೇರಿರತೈತಿ. ತಣ್ಣೀರಾಗ ಬರೇ ಜಾಲಾಡಿಸಿ, ಪೂರಾ ಒಣಗಿಸಿ, ಬೇಕಿಂಗ್ ಪೇಪರ್ ಹಾಕಿ 15 ಸೆಕೆಂಡ್ ಒತ್ತರಿ. ಒಮ್ಮೆ ಹತ್ತದಿದ್ರ ಬಿಡ್ರಿ, ಇನ್ನ ಎರಡು ಸಲ ಒತ್ತಿದ್ರ ಫಿಲ್ಮ್ ಹಳದಿ ಆಗತೈತಿ. ಬಿರುಕಿಗೆ ಮದ್ದಿಲ್ಲ.

ನವನಗರ_ಅಕ್ಕ:
ಒಗಿಯೂದರ ಬಗ್ಗೆ ಒಂದು ಚೀಟಿ ಮಾಡಿ ಅಂಗಿ ಜೋಡಿ ಕೊಡ್ರಿ, ಇಲ್ಲಂದ್ರ ನೀವು ಎಷ್ಟ ಚಂದ ಒತ್ತಿದ್ರೂ ಒಗಿಯೂ ಕಲ್ಲಿನ ಮ್ಯಾಲೆ ಮುಗೀತು. ನಾ ಬರದದ್ದು ಹಿಂಗೈತಿ: ಒತ್ತಿದ ಮ್ಯಾಲೆ 24 ತಾಸು ಒಗಿಯಬಾರದು. ಒಳಮಗ್ಗಲ ಹೊರಗ ತಿರುವಿ, ತಣ್ಣೀರಾಗ, ಕಡಿಮಿ ಸಾಬೂನಿನಾಗ ಕೈಲೆ ಒಗಿಯಬೇಕು. ರಾತ್ರಿಯಿಡೀ ನೆನೆ ಹಾಕಬಾರದು. ಕಲ್ಲಿಗೆ ಬಡಿಯೂದು, ಬ್ರಶ್ ಹಚ್ಚೂದು, ತಿರುವಿ ಹಿಂಡೂದು ಬ್ಯಾಡ. ಬ್ಲೀಚ್, ಸೋಡಾ ಬ್ಯಾಡ. ಬೋರಿನ ಸವಳು ನೀರು ಇದ್ರ ಎರಡು ಸಲ ಜಾಲಾಡಬೇಕು, ಸಾಬೂನಿನ ಬಿಳಿ ಜಿಡ್ಡು ಫಿಲ್ಮ್ ಮ್ಯಾಲೆ ಕೂತು ಬಣ್ಣ ಮಾಸಿದಂಗ ಕಾಣತೈತಿ. ಒಳಮಗ್ಗಲ ಹೊರಗ ಮಾಡಿ ನೆರಳಿನಾಗ ಒಣಗಿಸಬೇಕು. ಚಿತ್ರದ ಮ್ಯಾಲೆ ಸೀದಾ ಇಸ್ತ್ರಿ ಇಡಬಾರದು.

ಗುಮ್ಮಟನಗರಿ:
ಅಕ್ಕಾರ, ಇಷ್ಟುದ್ದ ಚೀಟಿ ಯಾರೂ ಓದಂಗಿಲ್ರಿ. ಎಲ್3110 ಡೈ ಇಂಕ್ ಇಟ್ಕೊಂಡೇ ಕೊಡೋದಿದ್ರ "ಬಿಸಿನೀರು ಬ್ಯಾಡ, ನೆನೆ ಬ್ಯಾಡ" ಅನ್ನೋದನ್ನ ದಪ್ಪ ಅಕ್ಷರದಾಗ ಮ್ಯಾಲೆ ಹಾಕ್ರಿ, ಉಳದದ್ದು ಕೆಳಗ ಸಣ್ಣಗ.

ಶಹಾಪುರ_ಓಣಿ:
ಹಂಗಾದ್ರ ಚೀಟಿ ಹಿಂಗ ಮಾಡತೀನ್ರಿ:

ಬಿಸಿನೀರು ಬ್ಯಾಡ, ನೆನೆ ಬ್ಯಾಡ.
ತಿರುವಿ ಒಗೀರಿ, ತಿರುವಿ ಒಣಗಸ್ರಿ, ನೆರಳಿನಾಗ.
ಕಲ್ಲು, ಬ್ರಶ್, ಹಿಂಡೂದು ಇಲ್ಲ.
ಇಸ್ತ್ರಿ ಒಳಮಗ್ಗಲಿಂದ.

ಹಳದಿ ಆರಕ್ಕ ಲೈಟ್ ಪೇಪರ್ ತರತೀನಿ. ಕೆಂಪಿಗೆ ಮೊದಲ ಆರು ತುಂಡಿನ ಪರೀಕ್ಷೆ, ಟೇಪಿಗೆ ಬಣ್ಣ ಬಂದ್ರ ಡಿಟಿಎಫ್.

ಉದ್ಯಮಬಾಗ_ಪ್ರೆಸ್:
ತುಂಡಿನ ಪರೀಕ್ಷೆ ಕೆಂಪಂಗಿಯ ಅರಿವಿ ಮ್ಯಾಲೇ ಮಾಡ್ರಿ, ಬ್ಯಾರೆ ಚಿಂದಿ ಮ್ಯಾಲಲ್ಲ. ಆರರ ಜೋಡಿ ಒಂದು ಅಂಗಿ ಹೆಚ್ಚಿಗೆ ತಗೋರಿ.